ಗೌರಿಬಿದನೂರಿನ ಕೇಂದ್ರದಿಂದ ನೆಲ ನಡುಗುತ್ತದೆಯೇ?

ಓದುಗರ ಪ್ರಶ್ನೆ: "ಸರ್, ನಾನು ಗೌರಿಬಿದನೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಮಂಡಿಕಲ್ ಕಡೆ ನೆಲ ನಡುಗಿದಾಗ ನನ್ನ ತವರಿನವರು ಮನೆಯೊಳಗೆ ಮಲಗಲು ಹೆದರಿ ಬಯಲಲ್ಲೇ ಕೂತಿದ್ದರು. ಅಂದಿನಿಂದ ನಮ್ಮೂರಲ್ಲಿ ಒಂದೇ ಮಾತು. ಗೌರಿಬಿದನೂರಿನ ಅಣುಶಕ್ತಿಯವರ ಕೇಂದ್ರದಲ್ಲಿ ಏನೋ ಪ್ರಯೋಗ ನಡೆಯುತ್ತದೆ, ಅದರಿಂದಲೇ ನೆಲ ಅಲುಗುತ್ತದೆ, ಬೋರ್‌ವೆಲ್ ಬತ್ತುತ್ತವೆ ಅಂತ. ಹೊರದೇಶದ ಸೇನೆಗಳ ಹತ್ತಿರ ಭೂಕಂಪ ಮಾಡುವ, ಮಳೆ ತಡೆಯುವ ಯಂತ್ರ ಇದೆ ಎಂಬ ವಿಡಿಯೋಗಳು ಎಲ್ಲರ ಫೋನಿನಲ್ಲೂ ಇವೆ. ಮಕ್ಕಳು ತರಗತಿಯಲ್ಲಿ ಕೇಳುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಕೇಂದ್ರ ಮುಚ್ಚಿಸಬೇಕೆಂದು ನಿರ್ಣಯ ಮಾಡಲು ಹುಡುಗರು ಓಡಾಡುತ್ತಿದ್ದಾರೆ. ಇನ್ನೊಂದು ಕಡೆ ನಮ್ಮೂರಿನ ನಿವೃತ್ತ ಯೋಧರು, ಸೇನೆಗಳೆಲ್ಲ ಈಗ ಪರಿಸರಕ್ಕಾಗಿ ಒಟ್ಟಿಗೆ ಕೆಲಸ ಮಾಡುತ್ತವೆ, ನಾವೂ ಗೋಮಾಳದಲ್ಲಿ ಗಿಡ ಹಾಕೋಣ ಎನ್ನುತ್ತಾರೆ. ದೇಶದೇಶಗಳ ಸೇನೆಗಳು ನಿಜಕ್ಕೂ ಪರಿಸರಕ್ಕಾಗಿ ಕೈಜೋಡಿಸುತ್ತವೆಯೇ, ಅಥವಾ ಇದು ಬರೀ ಫೋಟೋ ವಿಷಯವೇ? ನಾವು ಏನು ಮಾಡಬೇಕು?"

ಉತ್ತರ:

ನಮಸ್ಕಾರ ಮೇಡಂ. ನಿಮ್ಮ ಪತ್ರದಲ್ಲಿ ಎರಡು ಭಯ ಒಂದರೊಳಗೊಂದು ಸಿಕ್ಕಿಕೊಂಡಿವೆ. ಕಾಲಡಿಯ ನೆಲವನ್ನೇ ನಂಬುವ ಹಾಗಿಲ್ಲ ಎಂಬುದು ಒಂದು. ಯಾರೋ ದೊಡ್ಡವರು ನಮಗೆ ಹೇಳದೆ ಕೇಳದೆ ಏನೋ ಮಾಡುತ್ತಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ. ಎರಡನೆಯದನ್ನು ಮೂಢನಂಬಿಕೆ ಎಂದು ತಳ್ಳಲು ನನಗೆ ಮನಸ್ಸಿಲ್ಲ. ನಾನು ಮುಳಬಾಗಿಲು ಕಡೆಯವನು, ಸೇನೆಯ ನೀರು ಮತ್ತು ಚರಂಡಿ ವ್ಯವಸ್ಥೆಯ ಎಂಜಿನಿಯರಾಗಿ 26 ವರ್ಷ ದುಡಿದವನು. ಬೇಲಿಯ ಒಳಗಿದ್ದವರು ಹೊರಗಿನವರಿಗೆ ಎಷ್ಟು ಕಡಿಮೆ ಹೇಳುತ್ತಾರೆ ಎಂಬುದು ನನಗೆ ಗೊತ್ತು.

ಮೊದಲು ಕೇಂದ್ರದ ಕಥೆ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ದೊಡ್ಡ ಸ್ಫೋಟ. ಬಹಳ ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ಒಂದು ದೋಣಿಯ ಮೇಲೆ ಬಿಳಿ ಬೂದಿ ಸುರಿಯಿತು. ದೋಣಿಯಲ್ಲಿದ್ದ 23 ಜನರೂ ಕಾಯಿಲೆ ಬಿದ್ದರು, ಒಬ್ಬರು ಅದೇ ವರ್ಷ ತೀರಿಕೊಂಡರು. ಮರುತಿಂಗಳು ನೆಹರೂ ಅವರು ಇಂಥ ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಸಂಸತ್ತಿನಲ್ಲಿ ಕರೆ ಕೊಟ್ಟರು. ಆದರೆ ನಿಲ್ಲಿಸಲು ಒಪ್ಪಿದ ದೇಶ ಕದ್ದು ಸಿಡಿಸಿದರೆ ಕಂಡುಹಿಡಿಯುವುದು ಹೇಗೆ? ಮಾತುಕತೆ ವರ್ಷಗಟ್ಟಲೆ ಅಲ್ಲೇ ಸಿಕ್ಕಿಕೊಂಡಿತ್ತು. 1963ರಲ್ಲಿ ಮಾಸ್ಕೋದಲ್ಲಿ ಗಾಳಿಯಲ್ಲಿ, ನೀರಿನಡಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ಮಾಡಬಾರದೆಂಬ ಒಪ್ಪಂದವಾಯಿತು. ಭಾರತ ಕೆಲವೇ ದಿನಗಳಲ್ಲಿ ಸಹಿ ಹಾಕಿತು. ನೆಲದಡಿಯ ಪರೀಕ್ಷೆಯನ್ನು ಮಾತ್ರ ಹಾಗೇ ಬಿಟ್ಟರು. ಯಾವುದು ಬಾಂಬು, ಯಾವುದು ಭೂಕಂಪ ಎಂದು ನಂಬಿಕೆಯಿಂದ ಬೇರ್ಪಡಿಸಲು ಆಗ ಬರುತ್ತಿರಲಿಲ್ಲ.

ಅದನ್ನು ಕಲಿಯಲೆಂದೇ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೊನೈಫ್, ಆಸ್ಟ್ರೇಲಿಯಾದ ವಾರಮುಂಗಾ, ನಮ್ಮ ಗೌರಿಬಿದನೂರು, ಈ ನಾಲ್ಕು ಕಡೆ ಒಂದೇ ಮಾದರಿಯ ಕಂಪನಮಾಪಕ ಸಾಲುಗಳನ್ನು ಹೂಳಿದರು. ಗೌರಿಬಿದನೂರಿನದು 1965ರದು. ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ನೆರವಿನಿಂದ ನಮ್ಮ ಅಣುಶಕ್ತಿ ಇಲಾಖೆ ಕಟ್ಟಿದ್ದು. ಹಳೆಯ, ಗಟ್ಟಿ ಬಂಡೆಯ ನೆಲ, ಸಮುದ್ರದ ಅಲೆಯ ಸದ್ದಿನಿಂದ ದೂರ, ಆಗ ವಾಹನವೂ ಕಡಿಮೆ. ಎಲ್ ಅಕ್ಷರದ ಆಕಾರದಲ್ಲಿ ಹೊಲಗಳ ನಡುವೆ ಹರಡಿರುವ 20 ಮಾಪಕಗಳು ಒಟ್ಟಾಗಿ ಕಿವಿಗೊಟ್ಟರೆ ಸಾವಿರಾರು ಕಿಲೋಮೀಟರ್ ಆಚೆಯ ಸ್ಫೋಟ ಯಾವ ದಿಕ್ಕಿನದು ಎಂಬುದೂ ತಿಳಿಯುತ್ತದೆ. 1998ರ ಮೇ 28ರಂದು ಪಾಕಿಸ್ತಾನ ತನ್ನ ಚಾಗೈ ಜಿಲ್ಲೆಯಲ್ಲಿ ಮಾಡಿದ ಪರೀಕ್ಷೆಯ ಕಂಪನವೂ ಇಲ್ಲಿ ದಾಖಲಾಯಿತು.

ಆ ಮಾಪಕಗಳು ಕೇಳುತ್ತವೆ, ಅಷ್ಟೆ. ಡಾಕ್ಟರು ಎದೆಗೆ ಇಟ್ಟ ಸ್ಟೆತಾಸ್ಕೋಪಿನಿಂದ ಹೃದಯ ನಿಲ್ಲುವುದಿಲ್ಲವಲ್ಲ, ಹಾಗೆ. ನೆಲ ನಡುಗಿಸುವ ಯಂತ್ರವನ್ನು ಅವುಗಳ ಪಕ್ಕದಲ್ಲಿ ಇಟ್ಟರೆ ಕೇಂದ್ರದ ಕೆಲಸವೇ ಹಾಳಾಗುತ್ತದೆ. ಒಂದು ಲಾರಿ ಹೋದರೂ ಅವುಗಳಿಗೆ ಗದ್ದಲವೇ.

ಹಾಗಾದರೆ 2021ರ ಡಿಸೆಂಬರ್ 22ರ ಬೆಳಿಗ್ಗೆ ಆದದ್ದೇನು? 2.9 ಮತ್ತು 3.0 ತೀವ್ರತೆಯ ಎರಡು ಕಂಪನಗಳು, ನಿಮಿಷಗಳ ಅಂತರದಲ್ಲಿ. ಆ ವರ್ಷದ ಅಕ್ಟೋಬರ್, ನವೆಂಬರ್ ನಿಮಗೆ ನೆನಪಿರಬೇಕು. ಎಷ್ಟೋ ವರ್ಷ ತುಂಬದ ಕೆರೆಗಳು ಕೋಡಿ ಹರಿದವು. ನಮ್ಮ ಜಿಲ್ಲೆಗಳಲ್ಲಿ 1,000, 1,500 ಅಡಿ ಕೊರೆದು ಬಂಡೆಯ ಸೀಳುಗಳನ್ನು ಬರಿದು ಮಾಡಿದ್ದೇವೆ. ಖಾಲಿಯಾದ ಸೀಳುಗಳಿಗೆ ಒಮ್ಮೆಲೇ ನೀರು ಇಳಿದಾಗ ಒಳಗಿನ ಒತ್ತಡ ಬದಲಾಗುತ್ತದೆ, ಮೊದಲೇ ಬಿಗಿಯಾಗಿದ್ದ ಬಂಡೆ ಒಂದಿಷ್ಟು ಜಾರುತ್ತದೆ, ಗುಡುಗಿನಂಥ ಸದ್ದು ಬರುತ್ತದೆ. ಆಗ ತಜ್ಞರು ಕೊಟ್ಟ ವಿವರಣೆ ಇದೇ, ನನಗೂ ಇದೇ ಸರಿ ಕಾಣುತ್ತದೆ. ಮೂರರ ತೀವ್ರತೆಯ ಕಂಪನ ಹೊರಸೂಸುವ ಶಕ್ತಿ ಸುಮಾರು ಅರ್ಧ ಟನ್ ಸಿಡಿಮದ್ದಿನದಷ್ಟು. ಕೇಳಲು ದೊಡ್ಡದು, ಆದರೆ ಆರರ ಭೂಕಂಪ ಅದಕ್ಕಿಂತ 30,000 ಪಟ್ಟು ಮಿಗಿಲು.

ತರಗತಿಗೆ ಒಂದು ವಿಷಯ ಕೊಡುತ್ತೇನೆ. ಸ್ಫೋಟ ಸುತ್ತಲೂ ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಎಲ್ಲ ದಿಕ್ಕಿನ ಮಾಪಕಗಳೂ ಮೊದಲು ನೂಕಿದಂತೆಯೇ ಗುರುತಿಸುತ್ತವೆ. ಭೂಕಂಪದಲ್ಲಿ ಬಂಡೆ ಒಂದರ ಮೇಲೊಂದು ಜಾರುವುದರಿಂದ ಕೆಲವು ಕಡೆ ನೂಕು, ಕೆಲವು ಕಡೆ ಎಳೆತ. ಎರಡು ಮರದ ತುಂಡುಗಳನ್ನು ಒತ್ತಿ ಜಾರಿಸಿ ಮಕ್ಕಳಿಗೆ ಇದನ್ನು ಕೈಯಲ್ಲೇ ತೋರಿಸಬಹುದು.

ನಿಮ್ಮೂರಿನವರ ಅನುಮಾನಕ್ಕೆ ಇನ್ನೊಂದು ಕಾರಣವೂ ಇದ್ದೀತು. ಗೌರಿಬಿದನೂರಿನ ಬಳಿ ಖಗೋಳ ವಿಜ್ಞಾನಿಗಳ ರೇಡಿಯೋ ದೂರದರ್ಶಕವೂ ಇದೆ, 1976ರಿಂದ. ಬಯಲ ತುಂಬ ಕಂಬ, ತಂತಿ. ಫೋನಿನ ವಿಡಿಯೋದಲ್ಲಿ ಬರುವ ಅಲಾಸ್ಕಾದ ಹಾರ್ಪ್ ಕೇಂದ್ರವೂ ನೋಡಲು ಹಾಗೇ ಇದೆ, ಅಲ್ಲಿ 180 ಆಂಟೆನಾ. ನಮ್ಮದು ಸೂರ್ಯ, ನಕ್ಷತ್ರಗಳಿಂದ ಬರುವ ಅಲೆಗಳನ್ನು ಹಿಡಿಯುತ್ತದೆ, ಏನನ್ನೂ ಕಳಿಸುವುದಿಲ್ಲ. ಹಾರ್ಪ್ ಕಳಿಸುತ್ತದೆ, ನಿಜ. ಅದನ್ನು ಕಟ್ಟಿಸಿದ್ದೂ ಅಮೆರಿಕದ ಸೇನೆಯೇ, 2015ರಲ್ಲಿ ಅಲಾಸ್ಕಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಆದರೆ ಅದು ಕೆಣಕುವುದು ಸುಮಾರು 80 ಕಿಲೋಮೀಟರಿಗಿಂತ ಮೇಲಿನ ವಾತಾವರಣದ ಪದರವನ್ನು. ನಮ್ಮ ಮಳೆಮೋಡ ಸಾಮಾನ್ಯವಾಗಿ 15 ಕಿಲೋಮೀಟರಿನ ಒಳಗೇ ಇರುತ್ತದೆ. ಅದರ 3.6 ಮೆಗಾವ್ಯಾಟ್ ಶಕ್ತಿಗೆ ಗುಡುಗಿನ ಒಂದು ಮೋಡವನ್ನೂ ಅಲುಗಿಸಲಾಗದು, ಬಂಡೆಯ ಮಾತು ದೂರ ಉಳಿಯಿತು.

ಈಗ ವಿಡಿಯೋ ಮಾಡಿದವರು ಹೇಳದ ನಿಜ ಹೇಳುತ್ತೇನೆ. ಮಳೆಯನ್ನು ಆಯುಧ ಮಾಡಲು ಒಂದು ಸೇನೆ ನಿಜಕ್ಕೂ ಪ್ರಯತ್ನಿಸಿದೆ. 1967ರಿಂದ 1972ರವರೆಗೆ ಅಮೆರಿಕದ ವಿಮಾನಗಳು ವಿಯೆಟ್ನಾಂ ಯುದ್ಧದಲ್ಲಿ ಹೋ ಚಿ ಮಿನ್ ದಾರಿಯ ಮೇಲೆ ಮೋಡ ಬಿತ್ತನೆ ಮಾಡಿದವು. ರಸ್ತೆ ಕೆಸರಾಗಿ ಲಾರಿಗಳು ಹೂತುಹೋಗಲಿ ಎಂಬುದು ಉದ್ದೇಶ. 2,600ಕ್ಕೂ ಹೆಚ್ಚು ಹಾರಾಟ, ಎಲ್ಲವೂ ಗುಟ್ಟಾಗಿ. ಮಳೆ ಎಷ್ಟು ಹೆಚ್ಚಿತು ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ಗುಟ್ಟು ಹೊರಬಿದ್ದಾಗ ಎದ್ದ ಆಕ್ರೋಶ 1977ರಲ್ಲಿ ಜಿನೀವಾದಲ್ಲಿ ಸಹಿಗೆ ತೆರೆದ ಒಪ್ಪಂದಕ್ಕೆ ದಾರಿಯಾಯಿತು. ಪರಿಸರವನ್ನು ಬದಲಿಸುವ ವಿದ್ಯೆಯನ್ನು ಶತ್ರುತ್ವಕ್ಕೆ ಬಳಸಬಾರದು ಎಂಬುದು ಅದರ ತಿರುಳು. 1978ರಲ್ಲಿ ಜಾರಿಗೆ ಬಂತು, ಭಾರತವೂ ಅದೇ ವರ್ಷ ಸೇರಿತು. ಅದರಲ್ಲೊಂದು ದೌರ್ಬಲ್ಯವಿದೆ. ಆ ನಿಷೇಧ ಅನ್ವಯವಾಗಬೇಕಾದರೆ ಹಾನಿ ವಿಶಾಲವಾಗಿರಬೇಕು, ಇಲ್ಲವೇ ಬಹುಕಾಲ ಉಳಿಯಬೇಕು, ಇಲ್ಲವೇ ತೀವ್ರವಾಗಿರಬೇಕು. ವಿಶಾಲ ಎಂದರೆ ನೂರಾರು ಚದರ ಕಿಲೋಮೀಟರ್, ಬಹುಕಾಲ ಎಂದರೆ ತಿಂಗಳುಗಟ್ಟಲೆ, ಸುಮಾರು ಒಂದು ಋತು. ಒಂದು ಹೋಬಳಿಯ ಬೆಳೆ ಒಂದೇ ವಾರದಲ್ಲಿ ಹಾಳಾದರೆ ಈ ಮಾತಿನ ಜಾಲರಿಯಲ್ಲಿ ನುಸುಳಿ ಹೋಗಬಹುದು.

ಮೋಡ ಬಿತ್ತನೆ ನಮ್ಮಲ್ಲೂ ಆಗಿದೆ, 2003ರಲ್ಲಿ ವರುಣ, 2017ರಲ್ಲಿ ವರ್ಷಧಾರೆ ಎಂದು. ಸೊಲ್ಲಾಪುರದಲ್ಲಿ ನಮ್ಮ ಹವಾಮಾನ ವಿಜ್ಞಾನಿಗಳು ವರ್ಷಗಟ್ಟಲೆ ಪರೀಕ್ಷಿಸಿ ಕಂಡದ್ದು ಸರಾಸರಿ 18 ಶೇಕಡದಷ್ಟು ಹೆಚ್ಚಳ, ಅದೂ ಮೊದಲೇ ಮಳೆ ಹೊತ್ತ ಮೋಡದಿಂದ. ಬರಿಯ ಆಕಾಶದಿಂದ ಮಳೆ ಬರಿಸಲು ಯಾರಿಗೂ ಬರದು. ಬಯಲುಸೀಮೆಯ ಮಳೆಯನ್ನು ಕದ್ದೊಯ್ಯಲೂ ಬರದು.

ಹಾಗಾದರೆ ಸೇನೆಯಿಂದ ಪರಿಸರಕ್ಕೆ ಕೇಡೇ ಇಲ್ಲವೇ? ಇದೆ, ಮೇಡಂ. ಅದು ವಿಡಿಯೋ ಮಾಡುವಷ್ಟು ರೋಚಕವಾಗಿರುವುದಿಲ್ಲ. ನನ್ನ ಅನುಭವದಲ್ಲಿ ಅದರ ಹೆಸರು ಕಕ್ಕಸಿನ ನೀರು, ಚೆಲ್ಲಿದ ಡೀಸೆಲ್, ಹೂತಿಟ್ಟ ಹಳೆಯ ಡಬ್ಬಿಗಳು.

ವಿಶ್ವಸಂಸ್ಥೆಯ ಶಾಂತಿಪಾಲನೆಗಾಗಿ ಕಾಂಗೋದ ಗೋಮಾದಲ್ಲಿ ನಾನು ಒಂದು ವರ್ಷ ಇದ್ದೆ. ಊರಿನ ಒಂದು ಭಾಗ ನ್ಯಿರಗೊಂಗೊ ಜ್ವಾಲಾಮುಖಿಯ ಲಾವಾ ಗಟ್ಟಿಯಾದ ನೆಲದ ಮೇಲಿದೆ. ಅಗೆಯಲು ಹೋದರೆ ಹಾರೆ ಹಿಂದಕ್ಕೆ ಪುಟಿಯುತ್ತದೆ, ಅಗೆದ ಗುಂಡಿಗೆ ನೀರು ಬಿಟ್ಟರೆ ಬಿರುಕಿನಲ್ಲಿ ಮಾಯವಾಗುತ್ತದೆ. ಒಂದು ಶಿಬಿರದವರು, ಯಾವ ದೇಶದವರೆಂದು ಹೇಳುವುದಿಲ್ಲ, "ನಮ್ಮ ಸೋಕ್ ಪಿಟ್ (ಕೊಳಚೆ ಇಂಗುವ ಗುಂಡಿ) ಎಂದೂ ತುಂಬುವುದೇ ಇಲ್ಲ" ಎಂದು ಹೆಮ್ಮೆಯಿಂದ ತೋರಿಸಿದರು. ನನಗೆ ಎದೆ ಝಲ್ಲೆಂದಿತು. ತುಂಬದ ಗುಂಡಿ ಎಂದರೆ ಕೆಳಗೆ ಯಾರದ್ದೋ ಬಿಂದಿಗೆ ತುಂಬುತ್ತಿದೆ. ಕಿವು ಸರೋವರದ ದಡದಲ್ಲಿ ಹೆಣ್ಣುಮಕ್ಕಳು ಹಳದಿ ಕ್ಯಾನುಗಳಲ್ಲಿ ನೀರು ಹೊರುತ್ತಿದ್ದರು. ಗುಂಡಿ ಮುಚ್ಚಿಸಿ, ನೆಲದ ಮೇಲೆಯೇ ತೊಟ್ಟಿಗಳನ್ನಿಟ್ಟು ಶುದ್ಧೀಕರಿಸುವ ವ್ಯವಸ್ಥೆಗೆ ಒಪ್ಪಿಗೆ ಪಡೆಯಲು ನಾಲ್ಕು ತಿಂಗಳು ಹಿಡಿಯಿತು. ಮದ್ದುಗುಂಡು ಬರಲು ತಡವಾದರೆ ಎಲ್ಲರೂ ಕೂಗಾಡುತ್ತಾರೆ. ಚರಂಡಿ ಪೈಪು ತಡವಾದರೆ ಯಾರಿಗೂ ಅರ್ಜೆಂಟಿಲ್ಲ. ಈ ಕೋಪ ನನಗೆ ಇನ್ನೂ ಆರಿಲ್ಲ.

ಅದು ಎಷ್ಟು ದೊಡ್ಡ ವಿಷಯ ಎಂಬುದು ಹೈಟಿಯಲ್ಲಿ ಲೋಕಕ್ಕೆ ಗೊತ್ತಾಯಿತು. 2010ರ ಅಕ್ಟೋಬರಿನಲ್ಲಿ ಶಾಂತಿಪಾಲಕರ ಒಂದು ಶಿಬಿರದ ಮಲಿನ ನೀರು ಆರ್ಟಿಬೊನೈಟ್ ನದಿಯ ಉಪನದಿಗೆ ಸೇರಿತು, ಅದರೊಂದಿಗೆ ಕಾಲರಾ ಹೋಯಿತು. ಹತ್ತಿರ ಹತ್ತಿರ 10,000 ಜನ ಸತ್ತರು. ಕಾಪಾಡಲು ಹೋದವರಿಂದಲೇ. ವಿಶ್ವಸಂಸ್ಥೆಯ ಮುಖ್ಯಸ್ಥರು ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ, ಆರು ವರ್ಷವಾದ ಮೇಲೆ. ಶಾಂತಿಪಾಲನಾ ಪಡೆಗಳ ನೀರು, ಕೊಳಚೆ, ಕಸಕ್ಕೆ ಗಟ್ಟಿಯಾದ ಪರಿಸರ ಕಾರ್ಯತಂತ್ರ ಬಂದದ್ದೂ ಅದೇ ವರ್ಷ. ಹಲವು ದೇಶಗಳ ಸೇನೆಗಳು ಒಂದೇ ಬೇಲಿಯೊಳಗೆ ಒಂದೇ ನಿಯಮ ಪಾಲಿಸುವ ಜಾಗ ಅದು. ಅದಕ್ಕೆ ತೆತ್ತ ಬೆಲೆ ಬಡವರ ಪ್ರಾಣ.

ಸಹಕಾರ ನಿಜವೇ ಎಂದು ಕೇಳಿದ್ದೀರಿ. ನಿಜವಾಗಿ ನಡೆದ ಕಡೆ ಒಂದು ಲಕ್ಷಣ ಕಾಣುತ್ತದೆ. ಕೊಳೆ ಎಲ್ಲಿದೆ, ಎಷ್ಟಿದೆ ಎಂದು ಅಳೆದಿರುತ್ತಾರೆ, ಮತ್ತು ಪಕ್ಕದವನಿಗೂ ಅದರ ಬಿಸಿ ತಾಗಿರುತ್ತದೆ.

ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾದ ಉತ್ತರ ತೀರದಲ್ಲಿ ನೂರರ ಆಸುಪಾಸು ಹಳೆಯ ಅಣುಚಾಲಿತ ಜಲಾಂತರ್ಗಾಮಿಗಳು ತುಕ್ಕು ಹಿಡಿಯುತ್ತ ನಿಂತಿದ್ದವು, ಬಳಸಿದ ಅಣು ಇಂಧನ ಒಳಗೇ. ರಷ್ಯಾದ ಹತ್ತಿರ ದುಡ್ಡಿರಲಿಲ್ಲ. ಪಕ್ಕದ ನಾರ್ವೆಗೆ ತನ್ನ ಮೀನಿನ ಚಿಂತೆ. 1996ರಲ್ಲಿ ನಾರ್ವೆ, ರಷ್ಯಾ, ಅಮೆರಿಕದ ರಕ್ಷಣಾ ಮಂತ್ರಿಗಳು ಬರ್ಗೆನ್ ಊರಿನಲ್ಲಿ ಆರ್ಕ್ಟಿಕ್ ಪರಿಸರಕ್ಕಾಗಿ ಸೇನಾ ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದರು. ಆ ಇಂಧನ ಇಡಲು 40 ಟನ್ನಿನ ಭದ್ರ ಪೆಟ್ಟಿಗೆಯನ್ನು ಒಟ್ಟಾಗಿ ವಿನ್ಯಾಸ ಮಾಡಿದರು. ನಿನ್ನೆಯವರೆಗೆ ಶತ್ರುಗಳಾಗಿದ್ದ ನೌಕಾಪಡೆಗಳು ಒಂದೇ ಮೇಜಿನಲ್ಲಿ ಕೂತು ಮಾಡಿದ ಕೆಲಸ ಅದು. ಆದರೆ 2003ರ ಆಗಸ್ಟಿನಲ್ಲಿ ಕೆ-159 ಎಂಬ ಹಳೆಯ ಜಲಾಂತರ್ಗಾಮಿಯನ್ನು ಒಡೆಯಲು ಎಳೆದೊಯ್ಯುವಾಗ ಅದು ಬ್ಯಾರೆಂಟ್ಸ್ ಸಮುದ್ರದಲ್ಲಿ ಮುಳುಗಿತು, 9 ನಾವಿಕರು ಸತ್ತರು, ಇಂಧನ ಒಳಗಿರುವಂತೆಯೇ ಅದು ಇನ್ನೂ ತಳದಲ್ಲಿದೆ. ಮುಂದೆ ರಾಜಕೀಯ ಕೆಟ್ಟಂತೆ ಆ ಸಹಕಾರವೂ ಬತ್ತಿತು.

ವಿಯೆಟ್ನಾಮಿನ ದಾ ನಾಂಗ್ ವಿಮಾನನಿಲ್ದಾಣದ್ದು ಇನ್ನೊಂದು ಕಥೆ. ಎಲೆ ಉದುರಿಸುವ ವಿಷವನ್ನು ಅಮೆರಿಕ ಅಲ್ಲಿ ಶೇಖರಿಸಿಟ್ಟಿತ್ತು, ಅದರಲ್ಲಿದ್ದ ಡಯಾಕ್ಸಿನ್ ಎಂಬ ಘೋರ ವಿಷ ನೆಲಕ್ಕಿಳಿದಿತ್ತು. 2012ರಿಂದ 2018ರವರೆಗೆ ವಿಯೆಟ್ನಾಮಿನ ರಕ್ಷಣಾ ಸಚಿವಾಲಯ ಮತ್ತು ಅಮೆರಿಕದ ನೆರವು ಸಂಸ್ಥೆ ಸೇರಿ ಸುಮಾರು 90,000 ಘನ ಮೀಟರ್ ಮಣ್ಣನ್ನು ದೊಡ್ಡ ಗೂಡಿನಂಥ ಕಟ್ಟಡದಲ್ಲಿ 300 ಡಿಗ್ರಿಗೂ ಮೀರಿ ಕಾಯಿಸಿ ವಿಷ ಒಡೆದರು. ಯುದ್ಧ ಮುಗಿದು 40 ವರ್ಷದ ಮೇಲೆ. ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಕೆಜಿಎಫ್‌ನ ಸಯನೈಡ್ ದಿಬ್ಬಗಳು ಕಣ್ಣಮುಂದೆ ಬರುತ್ತವೆ. ಗಣಿ ಮುಚ್ಚಿದ್ದು 2001ರಲ್ಲಿ, ಬೇಸಿಗೆಯ ಗಾಳಿಗೆ ಆ ದೂಳು ಇವತ್ತಿಗೂ ಮನೆಗಳ ಮೇಲೆ ಏಳುತ್ತದೆ.

ನಮ್ಮವರ ಕೆಲಸವನ್ನೂ ಹೇಳಬೇಕು. 2021ರ ಮೇ ತಿಂಗಳಲ್ಲಿ ಕೊಲಂಬೊ ಬಳಿ ಎಕ್ಸ್‌ಪ್ರೆಸ್ ಪರ್ಲ್ ಹಡಗು ಹೊತ್ತಿಕೊಂಡಾಗ ಬೆಂಕಿ ಆರಿಸಲು ಶ್ರೀಲಂಕಾದ ಜೊತೆ ನಮ್ಮ ಕರಾವಳಿ ಕಾವಲು ಪಡೆ ನಿಂತಿತ್ತು. ಒಳಗೆ 25 ಟನ್ ನೈಟ್ರಿಕ್ ಆಮ್ಲ, ಲೆಕ್ಕವಿಲ್ಲದಷ್ಟು ಪ್ಲಾಸ್ಟಿಕ್ ಕಾಳು. ಹಡಗು ಉಳಿಯಲಿಲ್ಲ.

ಫೋಟೋ ವಿಷಯ ಎಂಬ ನಿಮ್ಮ ಅನುಮಾನವೂ ಪೂರ್ತಿ ತಪ್ಪಲ್ಲ. ಹವಾಮಾನ ಬದಲಾವಣೆಯ ವಿಷಯದಲ್ಲಿ ಸೇನೆಗಳು ಬಾಗಿಲು ಹಾಕಿಕೊಂಡಿವೆ. 1997ರ ಕ್ಯೋಟೊ ಮಾತುಕತೆಯಲ್ಲಿ ಹಲವು ದೇಶಗಳು ಸೇರಿ ನಡೆಸುವ ಸೇನಾ ಕಾರ್ಯಾಚರಣೆಯ ಹೊಗೆಯನ್ನು ದೇಶಗಳ ಲೆಕ್ಕದಿಂದ ಹೊರಗಿಟ್ಟರು. 2015ರ ಪ್ಯಾರಿಸ್ ಒಪ್ಪಂದದಡಿಯಲ್ಲಿಯೂ ಸೇನೆಯ ಲೆಕ್ಕ ಕೊಡುವುದು ಅವರವರ ಇಷ್ಟ. ಜಗತ್ತಿನ ಒಟ್ಟು ಹಸಿರುಮನೆ ಅನಿಲದಲ್ಲಿ ಸೇನೆಗಳ ಪಾಲು ಸುಮಾರು 5.5 ಶೇಕಡ ಎಂದು 2022ರಲ್ಲಿ ಸಂಶೋಧಕರು ಅಂದಾಜು ಮಾಡಿದರು. ಸೇನೆಗಳೇ ಅಂಕಿ ಕೊಡದಿದ್ದರಿಂದ ಅಂದಾಜೇ ಗತಿ. ನಮ್ಮ ದೇಶದಲ್ಲೂ ರಕ್ಷಣಾ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವಾಗ ಸಾರ್ವಜನಿಕ ಅಹವಾಲು ಸಭೆಯಿಂದ 2006ರ ಅಧಿಸೂಚನೆಯಲ್ಲೇ ವಿನಾಯಿತಿ ಇದೆ. ಆಯುಧದ ಗುಟ್ಟು ಗುಟ್ಟಾಗಿಯೇ ಇರಲಿ. ಎಷ್ಟು ಬೋರ್‌ವೆಲ್ ಕೊರೆದಿರಿ, ಕೊಳಚೆ ಎಲ್ಲಿಗೆ ಬಿಡುತ್ತೀರಿ ಎಂಬುದರಲ್ಲಿ ಏನು ಗುಟ್ಟು? ಹೇಳದ ಕಡೆ ಜನ ತಾವೇ ಕಥೆ ಕಟ್ಟಿಕೊಳ್ಳುತ್ತಾರೆ. ನಿಮ್ಮೂರಲ್ಲಿ ಆದದ್ದು ಅದೇ.

ಇನ್ನು ಗ್ರಾಮಸಭೆ. ಕೇಂದ್ರ ಮುಚ್ಚಿಸುವ ನಿರ್ಣಯ ಬೇಡ ಎಂದೇ ನನ್ನ ಸಲಹೆ. ಕೇಂದ್ರ ಸರ್ಕಾರದ ಸಂಸ್ಥೆ, ಮುಚ್ಚುವುದಿಲ್ಲ. ಜೊತೆಗೆ ಆಧಾರವಿಲ್ಲದ ದೂರು ಎಂದು ಒಮ್ಮೆ ಹೆಸರಾದರೆ ನಾಳೆ ನಿಜವಾದ ದೂರು ಕೊಂಡೊಯ್ದಾಗಲೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದರ ಬದಲು ಮನೆಗಳ ಗೋಡೆ ಬಿರುಕು ಬಿಟ್ಟಿದ್ದರೆ ಮೊದಲು ಕಲ್ಲು ಕ್ವಾರಿಗಳ ಕಡೆ ನೋಡಿ. ನಿಮ್ಮ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯಲ್ಲಿ ಜಿಲೆಟಿನ್ ಸಿಡಿದು 6 ಜನ ಸತ್ತದ್ದು ಯಾರೂ ಮರೆತಿಲ್ಲ. ಸಿಡಿಸುವ ಹೊತ್ತಿನಲ್ಲಿ ಊರಿನ ಮನೆಗಳ ಬಳಿ ಕಂಪನ ಅಳೆಯಿರಿ, ಅಂಕಿಗಳನ್ನು ಪಂಚಾಯಿತಿ ಫಲಕದಲ್ಲಿ ಹಾಕಿ ಎಂದು ಗಣಿ ಇಲಾಖೆಯನ್ನು ಕೇಳುವ ನಿರ್ಣಯ ಮಾಡಿ. ನೆಲ ನಡುಗಿದರೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಬರೆದು ದಾಖಲೆ ಕೇಳಬಹುದು. ಕ್ವಾರಿಯವರು ಪ್ರಭಾವಿಗಳಾಗಿರುತ್ತಾರೆ, ಒತ್ತಡ ಬರುತ್ತದೆ. ಆದ್ದರಿಂದ ಒಬ್ಬರ ಹೆಸರಿನಲ್ಲಿ ಅರ್ಜಿ ಬೇಡ, ಸಭೆಯ ನಿರ್ಣಯವಾಗಿಯೇ ಹೋಗಲಿ. ಗೌರಿಬಿದನೂರಿನ ಕೇಂದ್ರಕ್ಕೂ ಮಕ್ಕಳನ್ನು ಕರೆತರಲು ಅನುಮತಿ ಕೇಳಿ ಬರೆಯಿರಿ. ಸಿಗದಿರಬಹುದು, ಆದರೂ ಕೇಳಿ.

ಯೋಧರ ಗಿಡಗಳ ವಿಷಯ. ಅವರ ಉತ್ಸಾಹಕ್ಕೆ ದೊಡ್ಡ ಪರಂಪರೆಯೇ ಇದೆ. 1982ರ ಡಿಸೆಂಬರ್ 1ರಂದು ಡೆಹ್ರಾಡೂನಿನಲ್ಲಿ ನಿವೃತ್ತ ಸೈನಿಕರನ್ನೇ ಸೇರಿಸಿ ಕಟ್ಟಿದ 127ನೇ ಪರಿಸರ ಪಡೆ, ಸುಣ್ಣದಕಲ್ಲಿನ ಗಣಿಗಳಿಂದ ಬೋಳಾಗಿದ್ದ ಮಸ್ಸೂರಿ ಬೆಟ್ಟಗಳಿಗೆ ಮತ್ತೆ ಹಸಿರು ಹೊದಿಸಿತು. ಆ ಬೆಟ್ಟ ಮೊದಲು ಕಾಡಾಗಿತ್ತು, ಗೋಮಾಳ ಹಾಗಲ್ಲ. ಅದು ಹುಲ್ಲಿನ ನೆಲ. ಮೈಸೂರಿನ ಅರಸರು, ಹೈದರ್, ಟಿಪ್ಪು ಫಿರಂಗಿ ಎಳೆಯುವ ಅಮೃತಮಹಲ್ ಎತ್ತುಗಳಿಗಾಗಿ ಕಾವಲುಗಳನ್ನು ಹುಲ್ಲಾಗಿಯೇ ಕಾಪಾಡಿಕೊಂಡು ಬಂದರು. ಸೇನೆಯ ಅಗತ್ಯವೇ ಆ ಹುಲ್ಲುಗಾವಲನ್ನು ಉಳಿಸಿತ್ತು. ನಿಮ್ಮ ಪಕ್ಕದ ಮಧುಗಿರಿಯ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳು ಇರುವುದೂ ಅಲ್ಲಿ ಮರ ಒತ್ತೊತ್ತಾಗಿ ಇಲ್ಲದ ಕಾರಣಕ್ಕೆ. ಬಂಜರೆಂದು ತಿಳಿದು ನೀಲಗಿರಿ ಹಾಕಿದ್ದರ ಫಲ ಕೋಲಾರದವರಿಗೆ ಗೊತ್ತು, 2017ರಲ್ಲಿ ಸರ್ಕಾರವೇ ಹೊಸ ನೀಲಗಿರಿ ನಿಷೇಧಿಸಿತು. ಗೋಮಾಳದ ನಡುವಿನ ಹುಲ್ಲು ಹಾಗೇ ಇರಲಿ, ಬಳ್ಳಾರಿ ಜಾಲಿ ಇದ್ದರೆ ಬೇರುಸಮೇತ ಕೀಳಲಿ. ಹೊಂಗೆ, ಬೇವು, ಹುಣಸೆ, ಹಿಪ್ಪೆ ಕೆರೆಯ ಏರಿಯ ಕೆಳಗೆ, ಕಾಲುವೆ ಅಂಚಿಗೆ ಬರಲಿ. ಕುರಿ ಮೇಯಿಸುವವರನ್ನು ಮೊದಲ ದಿನವೇ ಕೂರಿಸಿಕೊಂಡು ಮಾತಾಡದಿದ್ದರೆ ಮೂರನೇ ವರ್ಷ ಒಂದು ಗಿಡವೂ ಉಳಿಯುವುದಿಲ್ಲ.

ಅದೇ ಯೋಧರಿಗೆ ಇನ್ನೊಂದು ಕೆಲಸ ಕೊಡಿ, ಅವರ ಶಿಸ್ತಿಗೆ ಹೊಂದುತ್ತದೆ. ಪಂಪು ಇಳಿಸದ ನಾಲ್ಕೈದು ಹಳೆಯ ಬೋರ್‌ವೆಲ್‌ಗಳನ್ನು ಆರಿಸಿ, ಪ್ರತಿ ತಿಂಗಳ ಒಂದನೇ ತಾರೀಖು ತೂಕ ಕಟ್ಟಿದ ದಾರ ಇಳಿಸಿ ನೀರಿನ ಮಟ್ಟ ಅಳೆದು ಪುಸ್ತಕದಲ್ಲಿ ಬರೆಯಲಿ, ಜೊತೆಗೆ ಎರಡು ಮಕ್ಕಳು ಇರಲಿ. ಬೋರಿನ ಬಾಯಿ ಮುಚ್ಚಳ ತೆಗೆಯುವುದು ದೊಡ್ಡವರೇ, ಅಳೆದ ಕೂಡಲೇ ಮತ್ತೆ ಭದ್ರವಾಗಿ ಮುಚ್ಚಬೇಕು. ಅದೇ ಪುಸ್ತಕದಲ್ಲಿ ಮಳೆ ಬಿದ್ದ ದಿನ, ಕ್ವಾರಿ ಸಿಡಿದ ಹೊತ್ತು, ನೆಲ ಗುಡುಗಿದ ಹೊತ್ತು ಬರೆಸಿ. ಎರಡು ಮಳೆಗಾಲ ಕಳೆದ ಮೇಲೆ ಅದರ ಒಂದು ಪ್ರತಿ ನನಗೆ ಕಳಿಸಿ, ಕೂತು ನೋಡಿ ಮತ್ತೆ ಬರೆಯುತ್ತೇನೆ.